ತಳಿಯ ಪತ್ರ, ಜೀವದ ಹೊಣೆ

1989ರಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿ ವಾಲಿ ಕಾನ್ರಾನ್ ಅವರು ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಕೂಡಿಸಿ ‘ಲ್ಯಾಬ್ರಡೂಡಲ್’ ಮರಿಗಳನ್ನು ಪಡೆದರು. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ನೆರವಾಗುವುದು ಅವರ ಉದ್ದೇಶ. ಆಕೆಯ ಪತಿಗೆ ನಾಯಿಯ ಕೂದಲು ಒಗ್ಗುತ್ತಿರಲಿಲ್ಲ. ಮೂರು ಮರಿಗಳಲ್ಲಿ ಒಂದು ಮಾತ್ರ ಅವರಿಗೆ ಒಗ್ಗಿತು. ಸೇವೆಗಾಗಿ ಹುಟ್ಟಿದ ತಳಿ ಮುಂದೆ ಲಾಭದ ಸರಕಾಯಿತು. ಕಾನ್ರಾನ್ ಅವರೇ ಬಹಿರಂಗವಾಗಿ ವಿಷಾದಿಸಿದರು.

ಮಿಶ್ರತಳಿಯೆಂಬುದೇ ದೋಷವಲ್ಲ. ಆದರೆ ನೋಂದಣಿ ಪತ್ರವು ವಂಶವನ್ನು ತಿಳಿಸಬಹುದು, ಆರೋಗ್ಯದ ಭರವಸೆಯನ್ನು ನೀಡದು. ಈ ಎರಡೂ ತಳಿಗಳಲ್ಲಿ ಸೊಂಟದ ಕೀಲು ಹಾಗೂ ಕಣ್ಣಿನ ಆನುವಂಶಿಕ ರೋಗಗಳುಂಟು. ತಾಯಿ-ತಂದೆ ನಾಯಿಗಳನ್ನು ಪರೀಕ್ಷಿಸದೆ ಕೂಡಿಸಿದರೆ ಆ ನೋವು ಮರಿಗಳಿಗೂ ದಾಟಬಹುದು. ಆದ್ದರಿಂದ ಮರಿಯನ್ನು ಬಯಸುವವರು ನೋಂದಣಿ ಪತ್ರಕ್ಕಿಂತ ಮೊದಲು ಪರೀಕ್ಷೆಯ ವರದಿಯನ್ನು ಕೇಳಬೇಕು. ಮೂಕಪ್ರಾಣಿಯ ಮೇಲಿನ ದಯೆ, ಅದನ್ನು ಮನೆಗೆ ತರುವ ಮುನ್ನವೇ ಆರಂಭವಾಗಬೇಕು.