ತೆಂಗಿನ ತೋಟದ ಸಂಧಿಪದಿಗಳು

ಬೆನ್ನೆಲುಬಿಲ್ಲದೆ, ಮೈಮೇಲೆ ಗಟ್ಟಿ ಕವಚ ಹೊತ್ತು, ಗೆಣ್ಣು ಗೆಣ್ಣಾದ ಕಾಲುಗಳಲ್ಲಿ ಓಡಾಡುವ ಪ್ರಾಣಿಗಳಿಗೆ ಸಂಧಿಪದಿಗಳು ಎಂದು ಹೆಸರು. ಕವಚದಲ್ಲಿ ಕೈಟಿನ್ ಎಂಬ ವಸ್ತುವಿರುತ್ತದೆ. ಮೈ ಬೆಳೆದಂತೆ ಕವಚ ಬೆಳೆಯದು. ಹಾಗಾಗಿ ಇವು ಆಗಾಗ ಪೊರೆ ಬಿಡುತ್ತವೆ. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯ ತೆಂಗಿನ ತೋಟಗಳಲ್ಲಿ ಇವುಗಳಲ್ಲಿ ಬಹುಪಾಲಿಗೆ ‘ಹುಳ’ ಎಂದರೆ ಸಾಕು. ಆದರೆ ಕಾಲು ಎಣಿಸಿ, ಬಾಯಿ ನೋಡಿದರೆ ಯಾವುದು ಯಾವ ಗುಂಪಿನದೆಂದು ಗೊತ್ತಾಗುತ್ತದೆ.

ಆರು ಕಾಲಿನವು ಕೀಟಗಳು. ಮೈಯಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗ. ಕಾಲು, ರೆಕ್ಕೆಗಳೆಲ್ಲ ಎದೆಗೇ ಅಂಟಿರುತ್ತವೆ. ತೆಂಗಿನ ಸುಳಿ ಕೊರೆಯುವ ರೈನೋಸಿರಸ್ ದುಂಬಿಯನ್ನು ಕರಾವಳಿಯವರು ಕುರುವಾಯಿ ಎನ್ನುತ್ತಾರೆ. ಕಪ್ಪು ಮೈ, ನಾಲ್ಕೈದು ಸೆಂಟಿಮೀಟರ್ ಉದ್ದ, ತಲೆಯ ಮೇಲೊಂದು ಕೊಂಬು. ಗಂಡಿನ ಕೊಂಬು ಉದ್ದ. ಹೆಣ್ಣಿಗೆ ಹಿಂತುದಿಯಲ್ಲಿ ಕೂದಲು ದಟ್ಟ. ಮಡಿಕೆಯಲ್ಲಿರುವ ಸುಳಿಯನ್ನೇ ಕೊರೆಯುವುದರಿಂದ, ಗರಿ ಬಿಚ್ಚಿಕೊಂಡಾಗ ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತದೆ. ಇದರ ಮರಿ ಬೆಳೆಯುವುದು ತಿಪ್ಪೆಯಲ್ಲಿ, ಕೊಳೆತ ಮರದಲ್ಲಿ: ಬಿಳಿ ಮೈ, ಕಂದು ತಲೆ, ಬಿಲ್ಲಿನಂತೆ ಬಾಗಿದ ದೇಹ, ಮುಂದುಗಡೆ ಆರು ಕಾಲು.

ಕೆಂಪು ಮೂತಿ ಹುಳ ಇನ್ನೂ ಅಪಾಯಕಾರಿ. ಮೈ ಕೆಂಗಂದು, ಎದೆಯ ಮೇಲೆ ಕಪ್ಪು ಚುಕ್ಕೆಗಳು, ಮುಂದಕ್ಕೆ ಚಾಚಿದ ಉದ್ದ ಮೂತಿ. ಗಂಡಿನ ಮೂತಿಯ ಮೇಲೆ ಕೂದಲ ಕುಚ್ಚಿದ್ದು, ಹೆಣ್ಣಿನದು ನುಣುಪು. ದುಂಬಿ ಮಾಡಿದ ಗಾಯದಲ್ಲಿ ಇದು ಮೊಟ್ಟೆಯಿಡುವುದುಂಟು. ಮರಿಗೆ ಕಾಲಿಲ್ಲ, ಕಾಂಡದೊಳಗಿನ ಮೆದು ತಿರುಳನ್ನು ತಿನ್ನುತ್ತಲೇ ಬೆಳೆಯುತ್ತದೆ. ಹೊರಗೆ ಏನೂ ಕಾಣದೆ ಒಳಗೇ ಮರ ಟೊಳ್ಳಾಗುವುದರಿಂದ ಈ ಎರಡು ಮರಿಗಳ ವ್ಯತ್ಯಾಸ ಪ್ರತಿ ತೋಟಗಾರನಿಗೂ ಗೊತ್ತಿರಬೇಕಾದದ್ದು.

ಕಪ್ಪು ತಲೆ ಹುಳವು ಬೂದು ಬಣ್ಣದ ಪುಟ್ಟ ಪತಂಗದ ಮರಿ. ಗರಿಯ ತಳಭಾಗದಲ್ಲಿ ತನ್ನ ಹಿಕ್ಕೆ ಮತ್ತು ನೂಲಿನಿಂದ ಸುರಂಗ ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ, ಮರ ಸುಟ್ಟಂತಾಗುತ್ತದೆ.

ಇರುವೆ ಮತ್ತು ಗೆದ್ದಲನ್ನು ಒಂದೇ ಎಂದುಕೊಳ್ಳುವವರಿದ್ದಾರೆ. ಇರುವೆಯ ನಡು ಸಣ್ಣ, ಮೀಸೆ ಮೊಣಕೈಯಂತೆ ಮಡಿಚಿದ್ದು. ಗೆದ್ದಲಿಗೆ ನಡುವೇ ಕಾಣದು, ಮೀಸೆ ನೆಟ್ಟಗಿರುತ್ತದೆ. ಗೆದ್ದಲಿನ ಹತ್ತಿರದ ಬಂಧು ಜಿರಲೆ. ಮಳೆಯ ಹೊತ್ತಿಗೆ ಹುತ್ತದಿಂದೇಳುವ ಈಸಲು ರೆಕ್ಕೆ ಬಂದ ಗೆದ್ದಲೇ.

ಜೇಡ, ಚೇಳು, ಉಣ್ಣೆಗಳಿಗೆ ಎಂಟು ಕಾಲು, ಮೀಸೆಯಿಲ್ಲ, ರೆಕ್ಕೆಯಿಲ್ಲ. ಉಣ್ಣೆಯ ಮರಿಗೆ ಮಾತ್ರ ಮೊದಲು ಆರೇ ಕಾಲು. ಚೇಳಿನ ಮುಂದಿನ ಇಕ್ಕಳಗಳು ಕಾಲಿನ ಲೆಕ್ಕಕ್ಕೆ ಸೇರವು. ದಪ್ಪ ಇಕ್ಕಳದ ದೊಡ್ಡ ಕರಿಚೇಳಿಗಿಂತ ಸಪೂರ ಇಕ್ಕಳದ, ದಪ್ಪ ಬಾಲದ ಸಣ್ಣ ಕೆಂಚೇಳಿನ ವಿಷ ಹೆಚ್ಚು ಅಪಾಯಕರ. ಕುಟುಕಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದೇ ಗುಂಪಿನಲ್ಲಿದ್ದೂ ನಾಲ್ಕೇ ಕಾಲಿನದು ತೆಂಗಿನ ನುಸಿ. ಉದ್ದ ಮಿಲಿಮೀಟರಿನ ಸುಮಾರು ಕಾಲು ಭಾಗ, ಬರಿಗಣ್ಣಿಗೆ ಕಾಣದು. ಎಳೆಗಾಯಿಯ ತೊಟ್ಟಿನ ಎಸಳುಗಳಡಿ ಕುಳಿತು ರಸ ಹೀರುತ್ತದೆ. ಕಾಯಿ ಬೆಳೆದಂತೆ ಸಿಪ್ಪೆ ಕಂದಾಗಿ ಬಿರಿಯುತ್ತದೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1998ರಲ್ಲಿ, ಕೇರಳದಲ್ಲಿ.

ಕೆರೆ, ಗದ್ದೆಗಳ ಏಡಿಗೆ ಕೊಂಡಿಗಾಲು ಸೇರಿ ಹತ್ತು ಕಾಲು. ಜರಿಗೆ ಮೈಯ ಒಂದೊಂದು ಖಂಡಕ್ಕೆ ಒಂದು ಜೊತೆ. ತಲೆಯ ಹಿಂದಿನ ಮೊದಲ ಜೊತೆ ವಿಷದ ಉಗುರಾಗಿದೆ. ಶತಪದಿ ಎಂಬ ಹೆಸರಿದ್ದರೂ ಬೆಳೆದ ಜರಿಯ ಕಾಲುಗಳ ಜೊತೆ ಯಾವಾಗಲೂ ಬೆಸಸಂಖ್ಯೆಯಲ್ಲಿರುವುದರಿಂದ ಸರಿಯಾಗಿ ನೂರು ಕಾಲಿರಲಾರವು. ಸಹಸ್ರಪದಿಗೆ ಬಹುತೇಕ ಖಂಡಗಳಲ್ಲಿ ಎರಡೆರಡು ಜೊತೆ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಅದು ಕಚ್ಚದು. ಉದುರಿದ ಎಲೆ, ಕೊಳೆತ ಗರಿ ತಿಂದು ಮಣ್ಣಿಗೆ ಸೇರಿಸುತ್ತದೆ.