ಬಾಡಿಗೆ ವೈದ್ಯಕೀಯ ಉಪಕರಣ: ರೋಗಿಯು ಊರು ಬದಲಿಸಿದಾಗ ಪೂರೈಕೆದಾರರ ಹೊಣೆ

ಶ್ವಾಸಕೋಶದ ದೀರ್ಘಕಾಲೀನ ಕಾಯಿಲೆಯುಳ್ಳವರು ಆಕ್ಸಿಜನ್ ಕಾನ್ಸಂಟ್ರೇಟರ್ ಯಂತ್ರವನ್ನು ತಿಂಗಳ ಬಾಡಿಗೆಗೆ ಪಡೆದು ಮನೆಯಲ್ಲಿಯೇ ಬಳಸುವುದುಂಟು. ಕಂಪ್ಲಿಯ ವೃದ್ಧರೊಬ್ಬರು ಹೊಸಪೇಟೆಯ ಅಂಗಡಿಯಿಂದ ಇಂತಹ ಯಂತ್ರ ಪಡೆದಿದ್ದು, ಸಂಡೂರಿನಲ್ಲಿರುವ ಮಗನ ಮನೆಗೆ ನೆಲೆ ಬದಲಿಸುತ್ತಾರೆಂದು ಭಾವಿಸೋಣ. ಯಂತ್ರವನ್ನು ಸಾಗಿಸುವವರು ಯಾರು? ಅಲ್ಲಿ ಅದು ಕೆಟ್ಟರೆ ದುರಸ್ತಿ ಯಾರದು? ಮುಂಗಡ ಠೇವಣಿಯ ಗತಿಯೇನು? ಇಂತಹ ಪ್ರಶ್ನೆಗಳೊಂದಿಗೆ ಕುಟುಂಬದವರು ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೆ.

ಅಮೆರಿಕದ ಮೆಡಿಕೇರ್ ಯೋಜನೆಯಲ್ಲಿ 36 ತಿಂಗಳ ಬಾಡಿಗೆ ಪಡೆದ ಪೂರೈಕೆದಾರನು ಒಟ್ಟು 5 ವರ್ಷ ತುಂಬುವವರೆಗೆ ಆಮ್ಲಜನಕದ ಸೇವೆ ನೀಡಲೇಬೇಕು. ರೋಗಿಯು ದೂರದ ಊರಿಗೆ ಹೋದರೂ ತಾನೇ ಒದಗಿಸಬೇಕು, ಇಲ್ಲವೇ ಅಲ್ಲಿನ ಬೇರೊಬ್ಬ ಪೂರೈಕೆದಾರನ ಮೂಲಕ ವ್ಯವಸ್ಥೆ ಮಾಡಬೇಕು. ನಮ್ಮಲ್ಲಿ ಬಾಡಿಗೆ ಉಪಕರಣಕ್ಕೆಂದೇ ಇಂತಹ ನಿಯಮವಿಲ್ಲ. ಆದುದರಿಂದ ಪೂರೈಕೆದಾರನ ಹೊಣೆಯು ಮುಖ್ಯವಾಗಿ ಕರಾರಿನಲ್ಲಿ ಬರೆದ ಮಾತುಗಳನ್ನು ಅವಲಂಬಿಸಿದೆ. ಕರಾರೇ ಇಲ್ಲದೆ ಕೇವಲ ಹಣದ ರಶೀದಿ ಪಡೆದು ಯಂತ್ರ ತರುವುದು ದೊಡ್ಡ ತಪ್ಪು.

ಆದರೂ ಕಾನೂನು ಮೌನವಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 150ನೇ ಪ್ರಕರಣದಂತೆ, ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದಾಗುವ ಹಾನಿಗೆ, ಆ ದೋಷ ತನಗೆ ತಿಳಿದಿರಲಿಲ್ಲವೆಂದರೂ, ಕೊಟ್ಟವನೇ ಹೊಣೆ. ಇತ್ತ ರೋಗಿಯ ಕಡೆಯವರಿಗೂ ಕರ್ತವ್ಯಗಳಿವೆ. 154ನೇ ಪ್ರಕರಣದಂತೆ ಷರತ್ತಿಗೆ ವಿರುದ್ಧವಾಗಿ ವಸ್ತುವನ್ನು ಬಳಸಿದಾಗ ಆಗುವ ನಷ್ಟವು ಬಳಸಿದವರ ಮೇಲೆ ಬೀಳುತ್ತದೆ. "ಈ ವಿಳಾಸದಲ್ಲಿ ಮಾತ್ರ" ಎಂಬ ಷರತ್ತಿದ್ದಲ್ಲಿ, ತಿಳಿಸದೆ ಟೆಂಪೋದಲ್ಲಿ ಯಂತ್ರ ಹೇರಿಕೊಂಡು ಹೋಗುವುದು ಸರಿಯಲ್ಲ. ಸ್ಥಳ ಬದಲಾವಣೆಯನ್ನು ಮುಂಚಿತವಾಗಿ ಲಿಖಿತವಾಗಿ, ಕನಿಷ್ಠಪಕ್ಷ ವಾಟ್ಸ್‌ಆ್ಯಪ್ ಸಂದೇಶದ ಮೂಲಕವಾದರೂ ತಿಳಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಸ್ಥಳಾಂತರದ ದಿನ. ಹಳೆಯ ಯಂತ್ರವನ್ನು ಬೆಳಿಗ್ಗೆ ಒಯ್ದು, ಹೊಸದು ಮರುದಿನ ಬಂದರೆ, ನಡುವಿನ ಗಂಟೆಗಳಲ್ಲಿ ರೋಗಿಯ ಉಸಿರಿಗೇ ಕುತ್ತು. ಹೊಸ ಮನೆಯಲ್ಲಿ ಮತ್ತೊಂದು ಯಂತ್ರ ಚಾಲನೆಗೊಳ್ಳುವವರೆಗೆ ಹಳೆಯದನ್ನು ಹಿಂಪಡೆಯಕೂಡದೆಂಬ ಒಂದು ಸಾಲು ಕರಾರಿನಲ್ಲಿರಲಿ. ಪ್ರಯಾಣಕ್ಕೆ ಸಿಲಿಂಡರ್ ಬೇಕು. 1,500 ಲೀಟರಿನ ಬಿ ಮಾದರಿಯ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಸುಮಾರು 12 ಗಂಟೆ ಬರುತ್ತದೆ. ವೈದ್ಯರು ಹೇಳಿದ ಪ್ರಮಾಣ 4 ಲೀಟರ್ ಇದ್ದಲ್ಲಿ ಅದರ ಅರ್ಧ ಮಾತ್ರ.

ಹೊಸ ಮನೆಯ ವಿದ್ಯುತ್ತನ್ನೂ ಲೆಕ್ಕಹಾಕಬೇಕು. ಸುಮಾರು 350 ವ್ಯಾಟಿನ ಯಂತ್ರವು ಹಗಲಿರುಳು ನಡೆದರೆ ದಿನಕ್ಕೆ 8 ಯೂನಿಟ್‌ಗೂ ಹೆಚ್ಚು, ತಿಂಗಳಿಗೆ ಸುಮಾರು 250 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಯಂತ್ರವೊಂದೇ ದಾಟುವುದರಿಂದ ಆ ಮನೆಯವರು ಪೂರ್ಣ ಬಿಲ್ಲು ತೆರಬೇಕಾದೀತು. ಮಗನ ಮನೆಯವರಿಗೆ ಇದನ್ನು ಮೊದಲೇ ತಿಳಿಸುವುದು ಒಳಿತು.

ಠೇವಣಿ ಹಿಂತಿರುಗಿಸದಿದ್ದರೆ ಅಥವಾ ಒಪ್ಪಿದ ಸೇವೆಯನ್ನು ಅರ್ಧಕ್ಕೇ ನಿಲ್ಲಿಸಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವಾ ನ್ಯೂನತೆಯಾಗಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಯಲ್ಲಿಯೂ ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಇವೆ. ಅಂಗಡಿ ಬೇರೆ ಜಿಲ್ಲೆಯದೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. 34ನೇ ಪ್ರಕರಣವು ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಸಂಡೂರಿನಲ್ಲಿ ನೆಲೆಸಿದವರಿಗೆ ಅದು ಬಳ್ಳಾರಿಯ ಜಿಲ್ಲಾ ಆಯೋಗ. ಕಾಲಮಿತಿ 2 ವರ್ಷ. ತೆತ್ತ ಹಣ 5 ಲಕ್ಷ ರೂಪಾಯಿವರೆಗಿದ್ದಲ್ಲಿ ಶುಲ್ಕವಿಲ್ಲ. ಅತಿಯಾದ ಠೇವಣಿಯಂತಹ ಅನ್ಯಾಯದ ಷರತ್ತನ್ನೇ ಪ್ರಶ್ನಿಸುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಸಬಹುದು.

ಇಂತಹ ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರ ಗ್ರಾಮ ಪಂಚಾಯಿತಿಗಿಲ್ಲ. ಕರಾರು, ಠೇವಣಿ ರಶೀದಿ, ಯಂತ್ರದ ಕ್ರಮಸಂಖ್ಯೆ ಹಾಗೂ ಹಿಂತಿರುಗಿಸಿದ ದಿನದ ಸ್ವೀಕೃತಿ ಪತ್ರಗಳನ್ನು ಕುಟುಂಬದವರು ಇಟ್ಟುಕೊಂಡಿರುವರೇ ಎಂದು ಸದಸ್ಯರು ವಿಚಾರಿಸಬಹುದು, ಮತ್ತು ರೋಗಿಯು ಹೋಗುವ ಊರಿನ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ಸುದ್ದಿ ಮುಟ್ಟಿಸಬಹುದು.