ಓಡಿಸಿದವನು ಗೊತ್ತು, ಆಮೇಲೆ?

ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ (1985) ಸಿನಿಮಾದಲ್ಲಿ ತಪ್ಪು ಮಾಡಿದವನು ಯಾರೆಂಬ ಗುಟ್ಟೇ ಇಲ್ಲ. ರಾಜಕಾರಣಿ ಧರ್ಮಾಧಿಕಾರಿಯ ಮಗ ನಶೆಯಲ್ಲಿ ಕಾರು ಓಡಿಸಿ, ಬೆಂಗಳೂರಿನ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಸುತ್ತಾನೆ. ಬದುಕುಳಿದವನು ರಾಮಣ್ಣ ಒಬ್ಬನೇ. ನಾವು ಕಣ್ಣಾರೆ ಕಂಡದ್ದನ್ನು ದೊಡ್ಡವರು ಹೇಗೆ ಮುಚ್ಚಿಹಾಕುತ್ತಾರೆ ಎನ್ನುವುದೇ ಮುಂದಿನ ಕಥೆ.

ಚುಂಚನಕಟ್ಟೆಯ ನಮ್ಮ ಮನೆಯಲ್ಲಿ ಇದನ್ನು ನೋಡುವಾಗ ಸೋದರತ್ತೆ ಚಡಪಡಿಸಿದರು: “ಓಡಿಸ್ದೋನು ಯಾರು ಅಂತ ನಮ್ಗೆ ಗೊತ್ತಾಯ್ತಲ್ಲ ಮಗಾ, ಸಾಕ್ಷಿ ಹೇಳೋರ್ ಯಾರು?” ಪಿತೂರಿಯ ಕಥೆಗಳು ನಮ್ಮನ್ನು ಹಿಡಿದು ಕೂರಿಸುವುದು ಈ ಚಡಪಡಿಕೆಯಿಂದಲೇ. ನಮ್ಮ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರಿದ್ದಾರೆ. ಅತ್ತೆಗೆ ರಾಮಣ್ಣ ಬೇರೆಯವನಲ್ಲ.

ಇಂಥದೇ ಇನ್ನೊಂದು ಸಿನಿಮಾ, ಅಮೆರಿಕದ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’, 1976ರಲ್ಲಿ ಬಂತು. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟು ಆಗಲೇ ಸುಮಾರು ಎರಡು ವರ್ಷವಾಗಿತ್ತು. ಕೊನೆ ಏನೆಂದು ತಿಳಿದೇ ಜನ ಟಿಕೆಟ್ ಕೊಂಡರು. ಅದರಲ್ಲೊಂದು ದೃಶ್ಯವಿದೆ. ಗ್ರಂಥಾಲಯದಲ್ಲಿ ಆ ಹಗರಣದ ಬೆನ್ನು ಹತ್ತಿದ ಇಬ್ಬರು ವರದಿಗಾರರು ಪುಸ್ತಕ ಎರವಲಿನ ಚೀಟಿಗಳ ಕಟ್ಟನ್ನು ಮುಂದಿಟ್ಟುಕೊಂಡು ಒಂದೊಂದೇ ಮಗುಚುತ್ತಾರೆ. ಮೊದಲು ಚೀಟಿ, ಬೆರಳು ಅಷ್ಟೇ ಕಾಣುತ್ತದೆ. ಕ್ಯಾಮೆರಾ ಮೇಲೇರುತ್ತ ಏರುತ್ತ ಚಾವಣಿ ಮುಟ್ಟುತ್ತದೆ; ದುಂಡನೆಯ ಮೇಜುಸಾಲುಗಳ ನಡುವೆ ಇಬ್ಬರೂ ಚುಕ್ಕೆಗಳಾಗುತ್ತಾರೆ. ಗುಂಡಿನ ಸದ್ದಿಲ್ಲ, ಹೊಡೆದಾಟವಿಲ್ಲ. ಆದರೂ ಎದೆ ಬಿಗಿಯುತ್ತದೆ. ಇಷ್ಟು ಸಣ್ಣವರು ಅಷ್ಟು ದೊಡ್ಡದನ್ನು ಅಲುಗಾಡಿಸಬಲ್ಲರೇ ಎಂಬ ಭಯ ಅದು.

ಆಳುವವರ ಮೇಲಿನ ಅನುಮಾನ ನಮಗೂ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೇ ರಾಜೀನಾಮೆ ಕೊಟ್ಟರು.

‘ಆಕ್ಸಿಡೆಂಟ್’ನಲ್ಲಿ ಸತ್ಯದ ಬೆನ್ನು ಹತ್ತುವ ಪತ್ರಕರ್ತ ರವಿ ಸ್ವತಃ ಶಂಕರ್‌ನಾಗ್; ಎದುರಾಳಿ ಧರ್ಮಾಧಿಕಾರಿಯಾಗಿ ಅಣ್ಣ ಅನಂತ್‌ನಾಗ್. ಮಗನನ್ನು ಉಳಿಸಿಕೊಳ್ಳುವ ಅಪ್ಪನ ಆತಂಕ ಮತ್ತು ಕುರ್ಚಿಯ ಆಸೆ, ಎರಡನ್ನೂ ಅನಂತ್ ಒಂದೇ ಮುಖದಲ್ಲಿ ತೋರಿಸುತ್ತಾರೆ. ರಾಮಣ್ಣನಾಗಿ ರಮೇಶ್ ಭಟ್ ಕರುಳು ಹಿಂಡುತ್ತಾರೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ನಾನು ಹೆಚ್ಚು ಮೆಚ್ಚುವುದು ಇನ್ನೊಂದು ಧೈರ್ಯವನ್ನು: ಇಳಯರಾಜಾ ಅವರಂಥ ಸಂಗೀತಗಾರರಿದ್ದೂ ಒಂದೇ ಒಂದು ಹಾಡಿಲ್ಲ, ಬರೀ ಹಿನ್ನೆಲೆ ಸಂಗೀತ. ಹಾಡು ಬಂದಾಗ ಎದ್ದು ಹೊರಗೆ ಹೋಗಿ ಬರುವ ಅಭ್ಯಾಸದವರನ್ನೂ ಶಂಕರ್ ಕೂತಲ್ಲಿಂದ ಏಳಗೊಡುವುದಿಲ್ಲ.